ಹಾಡಿನ ಕೆಳಗಿನ ದನಿ

ಅದು ಬ್ಯಾಡ. ಮುಂದ ಓಡಸು. ಆಳಂದದ ಬೀಗರು ಉಣ್ಣೂದು ಯಾರು ನೋಡತಾರ? ಹೋಳಿಗಿ, ಬಾಯಿ, ಹೋಳಿಗಿ, ಬಾಯಿ... ತಗದು ಹಾಕು.

ಯಾಕ ನಗತೀ ಶರಫುದ್ದೀನ? ಹಿಡದಾಂವ ನೀನೇ. ಐದು ವರ್ಷದ ಹಿಂದ ಆ ಕ್ಯಾಮರಾ ಹೆಗಲ ಮ್ಯಾಲ ಹೊತ್ತುಕೊಂಡು ಪಂಕ್ತಿ ತುಂಬ ಅಡ್ಡಾಡಿದಾಂವ ನೀನೇ. ನಮ್ಮ ಕಾಕಾ ಐದು ಹೋಳಿಗಿ ತಿಂದದ್ದು ಜೇವರ್ಗಿಗೆಲ್ಲಾ ಗೊತ್ತಾತು ನಿನ್ನಿಂದ.

ಅರಿಶಿಣ ಇರಲಿ. ಅಕ್ಷತಿ ಇರಲಿ. ಮಗಳು ಕೇಳ್ಯಾಳ. ‘ಅಪ್ಪಾ, ಮದಿವಿ ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯಾಕತ್ತದ, ಜೇವರ್ಗ್ಯಾಗ ಒಂದು ಚಲೋ ಕಾಪಿ ಮಾಡಸು’ ಅಂದಳು ಶಿವಕಾಂತಾ. ಮಗಳು ಕೇಳಿದ ಮ್ಯಾಲ ಬರಬೇಕಲ್ಲ? ಇಲ್ಲಂದ್ರ ನನಗ್ಯಾಕ ಬೇಕು ಇದು. ಅವರವ್ವ ಹೋದ ಮ್ಯಾಲ ಮನ್ಯಾಗ ಟಿ.ವಿ. ಹಚ್ಚಿಲ್ಲ ನಾ. ಎಂಟು ತಿಂಗಳಾತು.

ತಡಿ. ಮೆಲ್ಲಕ... ಮೆಲ್ಲಕ ಅಂದೆ!

ಹಾಂ. ಇಲ್ಲಿಂದ. ಇಲ್ಲಿ ಹೆಣ್ಮಕ್ಕಳು ಒಡಪು ಕಟ್ಟಿ ಗಂಡನ ಹೆಸರು ಹೇಳತಾರ. ನೋಡು, ಶಿವಕಾಂತಾ ಹೇಳಿದಳು ಗಂಡನ ಹೆಸರು. ಕೇಳಿಸ್ತಿಲ್ಲೋ? ಎಷ್ಟು ಸ್ವಚ್ಛ ಅದ. ಈಗ ಅವರವ್ವ... ಅಕಾ, ಬಂದಳು. ಹಸಿರು ಸೀರಿ. ಬೀಗತಿ ಕೈ ಹಿಡದು ಎಳಿಯಾಕತ್ತಾಳ, ಈಕಿ ಒಲ್ಲೆ ಅನ್ನಾಕತ್ತಾಳ. ಒಲ್ಲೆ ಅಂದ್ರೂ ನಗಾಕತ್ತಾಳ. ನಿಂತಳು... ಸೆರಗು ಸರಿ ಮಾಡಿಕೊಂಡಳು... ಈಗ...

ಈ ಸಿನಿಮಾ ಹಾಡು ತಗಿ.

ಹಾಡು ತಗಿ ಅಂದೆ. ಚಿತ್ರ ಇರಲಿ, ಹಾಡು ತಗಿ. ಬರಂಗಿಲ್ಲ? ಯಾಕ ಬರಂಗಿಲ್ಲ? ಒಂದು ಮಷೀನಿನಿಂದ ಇನ್ನೊಂದು ಮಷೀನಿಗೆ ಇಷ್ಟು ವೈರ್ ಹಾಕೀದಿ. ಹಾಡಿನ ವೈರ್ ಒಂದು ಕಿತ್ತು ಹಾಕು, ಕೆಳಗ ಆಕಿ ದನಿ ಇರತದ. ಮನಿ ಗ್ವಾಡಿ ನೋಡಿಲ್ಲೇನು ನೀ? ಸುಣ್ಣ ಕೆರದ್ರ ಹ್ವಾದ ವರ್ಷದ ಸುಣ್ಣ, ಅದನ್ನೂ ಕೆರದ್ರ ಅದರ ಹಿಂದಿಂದು. ಎಲ್ಲಿ ಹೋಗತದ ಅದು?

ತಲಿ ಅಲ್ಲಾಡಸಬ್ಯಾಡ. ಬಾಯಿಲೆ ಹೇಳು.

ಅಳಿಸಿ ಅದರ ಮ್ಯಾಲ ಹಾಡು ಕುಂಡ್ರತದ... ಹೂಂ. ಕೆಳಗ ಏನೂ ಇಲ್ಲ... ಹೂಂ.

ಮತ್ತ ನೀ ಕ್ಯಾಮರಾದಾಗ ತುಂಬಿದ್ದ ಮೊದಲಿನ ಕ್ಯಾಸೆಟ್? ಅದರಾಗ ಹಾಡಿಲ್ಲಲ್ಲ. ಅದು ತಗಿ. ಆ ಕಪಾಟ ತುಂಬ ಅವನ್ನೇ ಇಟ್ಟೀದಿ...

ಅದರ ಮ್ಯಾಲೂ ಬ್ಯಾರೆ ಮದಿವಿ ತುಂಬೀದಿ. ಯಾರದು? ...ಇರಲಿ ಬಿಡು. ಯಾರದಾದ್ರೇನು. ಚಲೋ ಇರಲಿ ಅವರು.

ಏನಿಲ್ಲ. ಕಣ್ಣಾಗ ಧೂಳು ಬಿದ್ದದ. ನಿನ್ನ ಅಂಗಡಿ ಕಸಾ ಹೊಡಿಸಿ ಎಷ್ಟು ದಿನಾತು?

ನಿಮ್ಮ ಮನ್ಯಾಗೂ ಹಂಗೇ ಅಲ್ಲ, ಗಂಡನ ಹೆಸರು ಹಿಡಿಯೂದಿಲ್ಲ? ನಮ್ಮಾಕಿ ಸುಭದ್ರಾ ಅಂತೂ ಜನಗಣತಿ ಮಾಸ್ತರ ಬಾಗಲಿಗೆ ಬಂದು ‘ಗಂಡನ ಹೆಸರೇನ್ರಿ ಬಾಯಾರ’ ಅಂದ್ರ, ಬಾಜೂ ಮನಿ ಕಾಶಿಬಾಯಿನ ಕರಸಿ ಹೇಳಿಸಿದಳು. ನಾ ಅಡ್ಡಪಡಸಾಲ್ಯಾಗೇ ಕುಂತಿದ್ದೆ! ಮೂವತ್ತಾರು ವರ್ಷ ಕೂಡ ಬಾಳಿದಿವಿ. ‘ಇಲ್ಲಿ ನೋಡ್ರಿ’, ‘ಕೇಳಿದ್ರಿಲ್ಲೋ’, ‘ಶಿವಕಾಂತಾನ ಅಪ್ಪ’... ಇಷ್ಟೇ. ಒಮ್ಮೆ ಹೇಳಿದಳು. ಆ ಹಂದರದಾಗ. ಇನ್ನೂರು ಮಂದಿ ಮುಂದ.

ನೀ ನನ್ನ ಮುಖ ಯಾಕ ನೋಡಾಕತ್ತೀ? ಟಿ.ವಿ. ನೋಡು.

ತಪ್ಪು ನಿಂದದ. ಹೌದು ಮತ್ತ! ಶಿವಕಾಂತಾನ ಒಡಪು ಕೇಳಸತದ. ಕಾಕಾನ ತೇಗು ಕೇಳಸತದ. ಹಂದರದಾಗಿನ ನಾಯಿ ಬೊಗಳೂದು ಕೇಳಸತದ. ಆಕಿ ಬಾಯಿ ತೆರದಲ್ಲೇ ಹಾಡು. ಅಲ್ಲೇ ಯಾಕ? ಯಾಂವ ಹೇಳಿದ್ದ ನಿನಗ ಅಲ್ಲಿ ಹಾಡು ಹಾಕಂತ?

ಹೇಳು.

ಹೇಳೋ ಮಾರಾಯ... ಮಾತಾಡದಾಂವ ಅಂತ ಊರಾಗ ನನಗ ಹೆಸರದ, ನಿನಗೇನಾತು?

...

ಬೈ ಶರಫುದ್ದೀನ, ಬೈ. ನಿನಗ ಹಕ್ಕದ.

ಹೂಂ. ನಾನೇ.

ಇದೇ ಕುರ್ಚಿ ಮ್ಯಾಲ ಕುಂತು ಹೇಳಿದ್ದೆ. ‘ಆ ಹೆಣ್ಮಕ್ಕಳ ಗದ್ದಲ ಯಾಕ ಬೇಕು, ಒಂದು ಹಾಡು ಜಡದು ಬಿಡು’ ಅಂತ. ನೀ ಎರಡು ಸಲ ಕೇಳಿದಿ. ‘ಬಾಯಾರ ಒಡಪು ಭಾಳ ಚಲೋ ಬಂದದ್ರಿ ಗೌಡ್ರ, ಇರಲಿ’ ಅಂದಿ. ನಾ ಕೇಳಲಿಲ್ಲ.

ಒಡಪು ನೆನಪದ. ಮರೀತೇನಿ? ‘ಮಣ್ಣೂರ ಹೊಳಿಯಾಗ ನಿಂತದ ಒಂದು ಕಲ್ಲು, ನಮ್ಮ ದೌಲತರಾಯರ ಬಾಯಾಗಿಂದ ಬರವಲ್ದು ಒಂದು ಸೊಲ್ಲು.’ ಮಣ್ಣೂರ ಆಕಿ ತವರು. ಮಂದಿ ಬಿದ್ದು ಬಿದ್ದು ನಕ್ಕರು. ಆಳಂದದ ಬೀಗರು ನನ್ನ ಬೆನ್ನಿಗೆ ಬಡದು ನಕ್ಕರು. ಹೆಣ್ಣಿನ ತಂದಿ ನಾ. ಇಜ್ಜತ್ ಹೋತು ಅನಿಸ್ತು. ಆಕಿ ನನ್ನ ಕಡೆ ನೋಡಿದಳು, ನಾನೂ ನಗತೇನೇನೋ ಅಂತ. ನಾ ಎದ್ದು ಹೋದೆ.

ಈಗ ನಾನೇ ಹೇಳಿಕೊಂಡ್ರ ಏನು ಬಂತು? ನನ್ನ ಬಾಯಾಗ ಅದು ಬರೇ ಹೆಸರು.

ಇನ್ನೊಂದದ. ಕೇಳು. ಕ್ಯಾಸೆಟ್ ಬಂದ ದಿನ ಓಣಿ ಹೆಣ್ಮಕ್ಕಳನ್ನೆಲ್ಲಾ ಕರದು ಕುಂಡ್ರಿಸಿದ್ದಳು. ‘ಈಗ ಬರತದ ನೋಡ್ರೆವ್ವಾ ನಂದು, ಈಗ ಬರತದ’ ಅಂತ. ಹಾಡು ಬಂತು. ‘ನನ್ನ ಒಡಪು ಎಲ್ರಿ?’ ಅಂದಳು ನನಗ. ‘ಆ ಶರಫುದ್ದೀನ ಕೆಡಸ್ಯಾನ, ಅವನಿಗೆ ಕೆಲಸ ಬರಂಗಿಲ್ಲ’ ಅಂದೆ.

ಗೊತ್ತಿತ್ತೇನು ನಿನಗ?

ಬಂದಿದ್ದಳು? ಇಲ್ಲಿಗೆ? ಅಂಗಡಿಗೆ ಬಂದು ಬೈದಳು... ಏನಂದಳು? ಬ್ಯಾಡ, ಹೇಳಬ್ಯಾಡ. ನೀ ಏನಂದಿ ಆಕಿಗೆ?



‘ತಪ್ಪಾತ್ರಿ ಬಾಯಾರ’ ಅಂದಿ... ಅಷ್ಟೇ.

ಯಾಕೋ? ಒಂದು ಮಾತು ‘ನಿಮ್ಮ ಮನಿಯವರೇ ಹೇಳ್ಯಾರ’ ಅಂದಿದ್ರ ನಾಲ್ಕು ದಿನ ನನ್ನ ಕೂಡ ಜಗಳಾಡತಿದ್ದಳು. ಐದನೇ ದಿನ ನಾ ಕೇಳಿದ್ರ ಮತ್ತೊಮ್ಮೆ ಹೇಳತಿದ್ದಳೋ ಏನೋ.

ನೀ ಅಳಬ್ಯಾಡ. ನಿಂದೇನೂ ತಪ್ಪಿಲ್ಲ.

ಹಿಂದಕ್ಕ ತಗೊಂಡು ಹೋಗು. ಸೆರಗು ಸರಿ ಮಾಡಿಕೊಳ್ಳೂದರಿಂದ. ಹಾಡು ಬ್ಯಾಡ. ದನಿ ಪೂರಾ ಬಂದ್ ಮಾಡು. ಅದಾದ್ರೂ ಬರತದಿಲ್ಲೋ? ಹಾಂ. ಹಚ್ಚು.

...ತುಟಿ ನೋಡು, ಹೊಳಿ ಅನ್ನಾಕತ್ತಾಳ. ಕಲ್ಲು ಅಂದಳು. ಈಗ...

ಮುಗೀತು.

ಇಷ್ಟೇ ಕಾಪಿ ಮಾಡು. ಉಳದದ್ದು ಬ್ಯಾಡ. ಶಿವಕಾಂತಾ ಕಾಪಿ ಗೀಪಿ ಏನೂ ಕೇಳಿಲ್ಲ, ನಾನೇ ಬಂದೀನಿ.