ಹೊಲಿಗೆಗೆ ಬಿಟ್ಟ ಅರ್ಧ ಇಂಚು

ಟೈಲರಮ್ಮ ಎಂದು ಎಲ್ಲರೂ ಕರೆಯುವ ನಾನು, ವಯಸ್ಸು 57 ವರ್ಷ, ಉದ್ಯೋಗ ಹೊಲಿಗೆ, ವಾಸ ಮರದ ಡಿಪೋ ಹಿಂದಿನ ಓಣಿಯ ಮೂರನೇ ಮನೆ, ಈ ದಿನ ಮಧ್ಯಾಹ್ನ 12-40ಕ್ಕೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ಈ ದಿನ ಬೆಳಿಗ್ಗೆ 10-20ಕ್ಕೆ ಬಸ್ ನಿಲ್ದಾಣದಲ್ಲಿ ನನ್ನ ಮೈದುನನ ಚೀಲದಿಂದ ವಶಪಡಿಸಿಕೊಂಡ, 11 ಇಂಚು ಉದ್ದ, ಎರಡೂವರೆ ಇಂಚು ಅಗಲದ ಉಕ್ಕಿನ ವಸ್ತು ನನ್ನದು. ಅದನ್ನು ಕತ್ತರಿಸಿದವಳೂ ನಾನೇ. ಅದು ಮಚ್ಚಲ್ಲ, ಅಡುಗೆಮನೆಯ ಚಾಕು. ಮಚ್ಚಿನಂತೆ ಕಾಣುವುದಕ್ಕೆ ಕಾರಣವಿದ್ದು, ಅದನ್ನು ಮೊದಲಿನಿಂದ ಹೇಳದಿದ್ದರೆ ಯಾರಿಗೂ ಅರ್ಥವಾಗುವುದಿಲ್ಲ. ಬರೆದುಕೊಳ್ಳುತ್ತಿರುವ ಹೆಡ್ ಕಾನ್‌ಸ್ಟೇಬಲ್‌ರವರು ಚುಟುಕಾಗಿ ಹೇಳಲು ಸೂಚಿಸಿದ್ದು, ಪ್ರಯತ್ನಿಸುತ್ತೇನೆಂದು ಒಪ್ಪಿದ್ದೇನೆ.

ನನ್ನ ಯಜಮಾನರು ಮರದ ಡಿಪೋದಲ್ಲಿ 31 ವರ್ಷ ಗರಗಸಗಳ ಹಲ್ಲಿಗೆ ಅರ ಹಾಕುವ ಕೆಲಸ ಮಾಡಿದವರು. ಊರಿನ ಗರಗಸಗಳನ್ನೆಲ್ಲ ಹರಿತ ಮಾಡಿದರೂ ನಮ್ಮ ಮನೆಯ ಚಾಕು ಟೊಮೆಟೊವನ್ನು ಜಜ್ಜುತ್ತಿತ್ತೇ ಹೊರತು ಕೊಯ್ಯುತ್ತಿರಲಿಲ್ಲ. ನಿವೃತ್ತರಾದಾಗ ಒಂದು ಸವೆದ ಗರಗಸವನ್ನು ಮನೆಗೆ ತಂದು, ಇದರಲ್ಲಿ ನಿನಗೊಂದು ಚಾಕು ಮಾಡಿಕೊಡುತ್ತೇನೆ ಎಂದರು. ಯಾವಾಗ ಎಂದು ಕೇಳಿದರೆ ನಾಳೆ ಎನ್ನುತ್ತಿದ್ದರು. ಹೀಗೆ ನಾಲ್ಕು ವರ್ಷ ನಾಳೆಯಾಯಿತು.

ಸುಮಾರು ಎರಡೂವರೆ ವರ್ಷದ ಹಿಂದೆ ಒಂದು ಭಾನುವಾರ ಬೆಳಿಗ್ಗೆ, ನಾನು ಹಿಟ್ಟು ಕಲಸುತ್ತಿರುವಾಗ, ಒಂದು ಉಂಡೆಯನ್ನು ಗಟ್ಟಿಯಾಗಿ ಹಿಡಿಯಲು ನನಗೆ ಹೇಳಿದರು. ಹಿಡಿದೆ. ನನ್ನ ಕೊರಳಲ್ಲಿದ್ದ ಅಳತೆ ಟೇಪನ್ನು ಕೇಳದೆ ಎಳೆದುಕೊಂಡು ನನ್ನ ಮುಷ್ಟಿಯ ಅಳತೆ ತೆಗೆದರು. ಹಳೆಯ ಕ್ಯಾಲೆಂಡರ್ ಹಾಳೆಯ ಖಾಲಿ ಬದಿಯಲ್ಲಿ ಚಾಕುವಿನ ಆಕಾರ ಬರೆದು, "ಅಳತೆ ಆಯ್ತು, ಇನ್ನು ಟ್ರಯಲ್‌ಗೆ ಬಾ" ಎಂದರು. ನಾನು ಗಿರಾಕಿಗಳಿಗೆ ಹೇಳುವ ಮಾತನ್ನು ನನಗೇ ತಿರುಗಿಸಿದ್ದರು. ನೀವು ಮಾಡದಿದ್ದರೆ ನಾನೇ ಕತ್ತರಿಸಿಕೊಳ್ಳುತ್ತೇನೆ ಎಂದು ನಾನು ನಗುತ್ತ ರೇಗಿಸಿದೆ. ಅದಾಗಿ ಐದು ತಿಂಗಳಿಗೆ ಎದೆಯ ಕಾಯಿಲೆಯಿಂದ ತೀರಿಕೊಂಡರು.

ಕಳೆದ ತಿಂಗಳು 20ರಂದು ಅವರ ಸಾಮಾನು ಪೆಟ್ಟಿಗೆ ತೆರೆದಾಗ ಗರಗಸವೂ ಆ ಹಾಳೆಯೂ ಸಿಕ್ಕವು. ಹಾಳೆಯ ಹಿಂಬದಿಯಲ್ಲಿ ತಾರೀಖುಗಳೂ ಅವರು ಗೀಚಿದ ಏನೇನೋ ಇದ್ದವು. ಕನ್ನಡಕ ಹಾಕಿರಲಿಲ್ಲ, ಓದಲಿಲ್ಲ. ಮೈದಾ ಅಂಟು ಕಾಯಿಸಿ, ಚಾಕುವಿನ ಆಕಾರ ಮೇಲೆ ಬರುವಂತೆ ಹಾಳೆಯನ್ನು ಗರಗಸದ ಉಕ್ಕಿಗೆ ಅಂಟಿಸಿದೆ.

ಮರುದಿನದಿಂದ ದಿನಕ್ಕೆ ಎರಡು ಗಂಟೆಯಂತೆ ಹಿತ್ತಲಿನ ಬೆಂಚಿನ ವೈಸ್‌ಗೆ ಉಕ್ಕನ್ನು ಬಿಗಿದು ಹ್ಯಾಕ್ಸಾದಿಂದ ಕತ್ತರಿಸಿದೆ. ಇದು ನನ್ನ ಮೊದಲ ಚಾಕು. ಬ್ಲೇಡು ಏಳು ಮುರಿದವು. ಹ್ಯಾಕ್ಸಾ ನೇರವಾಗಿ ಹೋಗುತ್ತದೆಯೇ ವಿನಾ ಬಾಗುವುದಿಲ್ಲ. ಆದ್ದರಿಂದ ಬಾಗು ಬಂದ ಕಡೆ, ರವಿಕೆಯ ಕಂಕುಳಿಗೆ ಕಚ್ಚು ಹಾಕುವಂತೆ, ಹತ್ತಿರ ಹತ್ತಿರ ಕಚ್ಚು ಹಾಕಿ ಚೂರು ಚೂರಾಗಿ ಮುರಿದು ತೆಗೆದೆ. ಆಮೇಲೆ ಯಜಮಾನರ ಅರದಿಂದಲೇ ಅಂಚು ಉಜ್ಜಿದೆ. ಐದನೇ ದಿನ ಸಂಜೆ ನನ್ನ ಬೆರಳುಗಳಿಂದ ಕಬ್ಬಿಣದ ವಾಸನೆ ಬಂತು. ಅದು ಅವರ ಕೈ ವಾಸನೆ. ಕೈ ತೊಳೆಯದೆ ಅರ್ಧ ಗಂಟೆ ಹಾಗೇ ಕುಳಿತಿದ್ದೆ. ಇದನ್ನು ಬರೆಯಬೇಕೇ ಎಂದು ಹೆಡ್ ಕಾನ್‌ಸ್ಟೇಬಲ್‌ರವರು ಕೇಳಿದ್ದು, ಬರೆಯಿರಿ ಎಂದಿದ್ದೇನೆ.

ನಿನ್ನೆ ಸಂಜೆ 5-00ಕ್ಕೆ ಬಡಗಿ ಕೆಲಸದ ನನ್ನ ಮೈದುನ, ವಯಸ್ಸು 49, ಮನೆಗೆ ಬಂದವನು ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ಅಣ್ಣ ಬರೆದದ್ದು 10 ಇಂಚು ಉದ್ದ, ಒಂದೂವರೆ ಇಂಚು ಅಗಲ. ನಾನು ಗೆರೆಯಿಂದ ಸುತ್ತಲೂ ಅರ್ಧ ಇಂಚು ಹೊರಗೆ ಕತ್ತರಿಸಿದ್ದೆ. ನಲವತ್ತು ವರ್ಷದಿಂದ ಹೊಲಿಗೆಗೆಂದು ಅರ್ಧ ಇಂಚು ಬಿಟ್ಟೇ ಕತ್ತರಿಸಿದ ಕೈ, ಉಕ್ಕಿನಲ್ಲೂ ಬಿಟ್ಟಿತ್ತು. ಅಷ್ಟು ದಿನವೂ ನನಗದು ತಪ್ಪೆಂದು ಹೊಳೆಯಲೇ ಇಲ್ಲ.

ಹೆಚ್ಚಿನದನ್ನು ತನ್ನ ಗೆಳೆಯನ ಸಾಣೆ ಚಕ್ರಕ್ಕೆ ಕೊಟ್ಟು ಗೆರೆಯವರೆಗೆ ಇಳಿಸಿ ತರುತ್ತೇನೆ, ಆಗಾಗ ನೀರಿಗೆ ಅದ್ದದಿದ್ದರೆ ಉಕ್ಕು ನೀಲಿಗಟ್ಟಿ ಹದ ಹೋಗುತ್ತದೆ, ಆದ್ದರಿಂದ ತಾನೇ ಮುಂದೆ ನಿಲ್ಲುತ್ತೇನೆ ಎಂದು ಅವನು ಹೇಳಿದ. ಈ ದಿನ ಬೆಳಿಗ್ಗೆ 9-00ಕ್ಕೆ ನಮ್ಮ ಮನೆಗೆ ಬಂದು, ತಿಂಡಿ ತಿಂದು, ಸರಿಯಾಗಿ 9-55ಕ್ಕೆ ಚೀಲ ಹಿಡಿದು ಹೊರಟ. ಬಸ್ ನಿಲ್ದಾಣ ಒಂದೂವರೆ ಕಿಲೋಮೀಟರ್. ತರಕಾರಿ ಮಾರುಕಟ್ಟೆಯಲ್ಲಿ 9-30ಕ್ಕೆ ಒಬ್ಬರಿಗೆ ಇರಿದ ವಿಷಯ, ಅದಕ್ಕಾಗಿಯೇ ಅವನ ಮೇಲೆ ಅನುಮಾನ ಬಂದದ್ದು, ನನಗೆ ಇಲ್ಲಿ ಬಂದ ಮೇಲೆ ತಿಳಿಯಿತು. ಆ ಹೊತ್ತಿಗೆ ಅವನು ನನ್ನ ಕಣ್ಣೆದುರು ಎರಡನೇ ಲೋಟ ಕಾಫಿ ಕುಡಿಯುತ್ತಿದ್ದ.

ಇದೇನೆಂದು ಪೊಲೀಸರು ಕೇಳಿದಾಗ ಅವನು "ನಮ್ಮತ್ತಿಗೆ ಹೊಲಿದ ಚಾಕು ಸಾರ್" ಎಂದನಂತೆ. ಅದು ಉದ್ಧಟತನವಲ್ಲ. ಹುಟ್ಟಿದಾಗಿನಿಂದ ಅವನ ಬಾಯಿಗೆ ಬೀಗವಿಲ್ಲ. ಆ ಒಂದು ಮಾತಿಗೆ ಅವನನ್ನು ಕೂಡಿಹಾಕಿದ್ದಾರೆ. ಅವನಿಗೆ ಏನಾದರೂ ಆದರೆ ಯಜಮಾನರಿಗೆ ನಾನು ಮುಖ ತೋರಿಸುವಂತಿಲ್ಲ.

ಈ ಹೇಳಿಕೆ ಬರೆಯುತ್ತಿರುವಾಗ 1-25ಕ್ಕೆ ಇನ್‌ಸ್ಪೆಕ್ಟರ್‌ರವರು ಬಂದು, ಇದೆಲ್ಲ ಮನೆಯಲ್ಲಿ ಕಟ್ಟಿ ತಂದ ಕಥೆಯೆಂದರು. ಉಕ್ಕಿಗೆ ಅಂಟಿಸಿದ ಹಾಳೆಯ ಕೆಳಗೆ ಯಾವುದಾದರೂ ಗುರುತು ಮುಚ್ಚಿದೆಯೇ ನೋಡಲು ಆದೇಶಿಸಿದರು. ಮಹಿಳಾ ಪೇದೆಯವರು ಲೋಟದ ನೀರು ಚಿಮುಕಿಸಿ ಹಾಳೆಯನ್ನು ಹರಿಯದಂತೆ ಬಿಡಿಸಿದರು. ಉಕ್ಕಿನ ಮೇಲೆ ಏನೂ ಇರಲಿಲ್ಲ. ಹಾಳೆಯ ಹಿಂದೆ, ತಾರೀಖುಗಳ ನಡುವೆ, ಪೆನ್ಸಿಲ್‌ನಲ್ಲಿ ಬರೆದಿತ್ತು. ಪೇದೆಯವರು ಗಟ್ಟಿಯಾಗಿ ಓದಿದರು:

"ಇಂಚುಟೇಪಮ್ಮಾ, ಹೊಲಿಗೆಗೆ ಅರ್ಧ ಇಂಚು ಬಿಡಬೇಡ. ಗೆರೆ ಮೇಲೇ ಕತ್ತರಿಸು. ಇದು ಉಕ್ಕು ಕಣೇ."

ಇಂಚುಟೇಪಮ್ಮ ಯಾರೆಂದು ಇನ್‌ಸ್ಪೆಕ್ಟರ್‌ರವರು ಕೇಳಿದರು. ನಾನು ಎಂದೆ. ಅವರು ನನ್ನ ಕೊರಳ ಕಡೆ ನೋಡಿದರು. ಅವಸರದಲ್ಲಿ ಬಂದಿದ್ದರಿಂದ ಟೇಪು ಕೊರಳಲ್ಲೇ ಇತ್ತು. ಅದರಿಂದಲೇ ಅವರು ಗೆರೆಯಿಂದ ಅಂಚಿನವರೆಗೆ ಅಳೆಯುವಂತೆ ಹೇಳಿದ್ದು, ಪೇದೆಯವರು ಆರು ಕಡೆ ಅಳೆದರು. ಆರು ಕಡೆಯೂ ಅರ್ಧ ಇಂಚು. 1-40ಕ್ಕೆ ಮೈದುನನನ್ನು ಹೊರಗೆ ಬಿಟ್ಟರು.

ನಾನೇ ಕತ್ತರಿಸುತ್ತೇನೆಂದು ಯಜಮಾನರಿಗೆ ಗೊತ್ತಿತ್ತು. ಅಂದರೆ ತಮ್ಮಿಂದ ಆಗುವುದಿಲ್ಲವೆಂದು ಆ ಭಾನುವಾರವೇ ಗೊತ್ತಿದ್ದಿರಬೇಕು. ನನಗೆ ಹೇಳಲಿಲ್ಲ. ಹೇಳಿದ್ದರೆ ಆ ದಿನ ನಾನು ಹಿಟ್ಟಿನ ಉಂಡೆ ಹಿಡಿದು ಅಷ್ಟು ನಗುತ್ತಿರಲಿಲ್ಲ.

ಉಕ್ಕನ್ನು ತನಿಖೆ ಮುಗಿಯುವವರೆಗೆ ಠಾಣೆಯಲ್ಲಿ ಇಟ್ಟುಕೊಳ್ಳಲು ನನ್ನ ತಕರಾರಿಲ್ಲ. ಹಾಳೆಯನ್ನು ಮಾತ್ರ ಈ ದಿನವೇ ವಾಪಸು ಕೊಡಬೇಕಾಗಿ ಕೋರುತ್ತೇನೆ. ಎರಡು ವರ್ಷವಾಯಿತು, ನನ್ನನ್ನು ಯಾರೂ ಬೈದಿರಲಿಲ್ಲ.

ಮೇಲ್ಕಂಡದ್ದನ್ನು ನನಗೆ ಓದಿ ಹೇಳಿದ್ದು, ನಾನು ಹೇಳಿದಂತೆಯೇ ಇದೆ. ಎಲ್ಲವೂ ಸತ್ಯ. ಇದರಲ್ಲಿ ಅರ್ಧ ಇಂಚೂ ಹೆಚ್ಚಿಗೆ ಬಿಟ್ಟಿಲ್ಲ.

ಸ್ಥಳ: ಠಾಣೆ
ದಿನಾಂಕ: ಈ ತಿಂಗಳು 14, ಮಧ್ಯಾಹ್ನ 2-05
ಸಹಿ: (ಟೈಲರಮ್ಮ)