ಉಸಿರಿನ ಪಾಳಿ

ದೀಪಾ ಸಣ್ಣ ಮಾಡು, ಸೇವಂತಿ. ನಗೋರು ಈಗ ಎದ್ದು ಹೋಗ್ರಿ, ನಡುವ ನಕ್ಕರ ನನಗ ಸಿಟ್ಟು ಬರತದ. ಇದು ನಮ್ಮ ಕಾಕಾನ ಮಗ ಗದಿಗೆಪ್ಪಗ ಆದದ್ದು. ಎಪ್ಪತ್ತಮೂರನೇ ಇಸ್ವಿ, ಇಲ್ಲೇ ಚೆಂಬೂರದಾಗ.

ಎರಡನೇ ಪಾಳಿ ಮುಗಿಸಿ ಅಂವ ಫ್ಯಾಕ್ಟರಿಯಿಂದ ನಡಕೋತ ಬರಾಕತ್ತಿದ್ದ. ಚಾಳಿನ ಹಿಂದ ಆಲದ ಮರ, ಅದರ ಬುಡಕ್ಕ ಹಳೇ ಬಾವಿ. ಅಲ್ಲಿ ಸಪ್ಪಳ ಕೇಳಿಸ್ತು. ಹುಫ್... ಹುಫ್... ಒಬ್ಬಂವ ಬಗ್ಗಿ, ನೆಲದ ಮ್ಯಾಲೆ ಬಿದ್ದವನ ಬಾಯಾಗ ಊದಾಕತ್ತಿದ್ದ. ಬಿದ್ದವನ ಮೈಯೆಲ್ಲ ಒದ್ದಿ.

"ತಮ್ಮಾ, ಸ್ವಲ್ಪ ಹಿಡೀತಿಯೇನು?" ಅಂದ ಊದಾಂವ, ಸಣ್ಣ ದನಿಲೆ. "ನನಗ ಸಾಕಾಗೇದ."

ವಿಜಾಪುರದ ಮಾತು. ಮುಂಬಯಿಯೊಳಗ ಅಪರಾತ್ರಿ ನಮ್ಮ ಕಡೆ ಮಾತು ಕಿವಿಗೆ ಬಿದ್ದರ ನಾವು ಸುಮ್ಮನ ಮುಂದ ಹೋಗ್ತೀವೇನು? ಯಾವೂರಾಂವ ಅಂತನೂ ಕೇಳದ ಗದಿಗೆಪ್ಪ ಮೊಣಕಾಲೂರಿ ಕುಂತ. ಫ್ಯಾಕ್ಟರಿಯೊಳಗ ಕಲಿಸಿದ್ದರು. ತಲಿ ಹಿಂದಕ್ಕ ಮಣಿಸು, ಮೂಗು ಒತ್ತಿ ಹಿಡಿ, ಬಾಯಿಗೆ ಬಾಯಿ ಹಚ್ಚಿ ಊದು, ಎದಿ ಏರತದೇನು ನೋಡು. ಬದಲಿ ಮನಷ್ಯಾ ಬರೂತನಕ ಬಿಡಬ್ಯಾಡ.

ಊದಿದ. ಎದಿ ಏರಿತು. ಸುಂಯ್... ಅಂತ ಇಳೀತು. ಕಣ್ಣೆತ್ತಿ ನೋಡೂದರಾಗ ಆ ಇನ್ನೊಬ್ಬಂವ ಹೊಂಟಿದ್ದ. ತಿರುಗಿ ಸೈತ ನೋಡಲಿಲ್ಲ.

ಡಾಕ್ಟರನ್ನ ಕರಕೊಂಡು ಬಾ ಅನ್ನಾಕ ಗದಿಗೆಪ್ಪ ಬಾಯಿ ಎತ್ತಿದ... ದನಿ ಬರಲಿಲ್ಲ. ಉಸಿರೂ ಬರಲಿಲ್ಲ. ಗಂಟಲಾ ಯಾರೋ ಹಗ್ಗಾ ಹಾಕಿ ಬಿಗದಂಗ. ಮತ್ತ ಬಗ್ಗಿ ಬಾಯಿ ಹಚ್ಚಿದ ಮ್ಯಾಲೇನ ಮೂಗಿನಾಗ ಗಾಳಿ ಆಡಿದ್ದು. ಎದ್ದರ ತಾನು ಸಾಯ್ತಾನ, ಇನ್ನೇನು ಮಾಡಬೇಕು? ಊದಿದ. ಹುಫ್... ಸುಂಯ್... ಹುಫ್... ಬಿದ್ದಾಂವ ಮಾತ್ರ ಕಣ್ಣು ತೆರೀಲಿಲ್ಲ.

ಗಂಡ ಇನ್ನೂ ಬರಲಿಲ್ಲಂತ ಹೆಂಡತಿ ಶರಣವ್ವ ಕಂದೀಲು ಹಿಡಕೊಂಡು ಹುಡುಕ್ಕೋತ ಬಂದಳು. ನೋಡಿದಳು. ಕಂದೀಲು ಕೆಳಗಿಟ್ಟಳು.

"ಬೆವತು ನೀರಾಗೀರಿ. ಸರೀರಿ, ನಾ ಊದ್ತೀನಿ. ದಿನಾ ಇದ್ದಲಿ ಸಿಗಡಿ ಊದಿ ಬೆಂಕಿ ಹೊತ್ತಸಾಕಿಗೆ ಇದೇನು ದೊಡ್ಡದು?"

ಆಗ ಗದಿಗೆಪ್ಪಗ ತಿಳೀತು, ಆ ಮನಷ್ಯಾ ಹ್ಯಾಂಗ ಬಿಡಿಸಿಕೊಂಡು ಹೋದ ಅಂತ. ತಾನೂ ಈಗ ಸರದರ ಬಿಡುಗಡಿ. ಆದರ ಶರಣವ್ವ ಇಲ್ಲೇ ಉಳೀತಾಳ. ಅಕಿ ಬಗ್ಗಿದಳು... ಒಂದು ಕೈಲೆ ಅಕಿನ್ನ ಜೋರಾಗಿ ದಬ್ಬಿದ. ಲಗ್ನ ಆದಾಗಿಂದ ಒಮ್ಮೆಯೂ ಕೈ ಎತ್ತಿದಾಂವ ಅಲ್ಲ. ಶರಣವ್ವ ಬಾವಿ ಕಟ್ಟಿಗೆ ಬಡದು ಬಿದ್ದಳು. ಎದ್ದು ಮತ್ತ ಬಂದಳು, ಮತ್ತ ದಬ್ಬಿದ. ಅವನ ಕಣ್ಣಾಗ ನೀರು ಹರೀತಿತ್ತಂತ. ಬಾಯಿ ಮಾತ್ರ ಬಿಡಲಿಲ್ಲ. ಅಕಿ ದೂರ ಕುಂತು ಅಳಕೋತ ಬೆಳಗು ಮಾಡಿದಳು.

ಮುಂಜಾನೆ ಪಾಳಿಗೆ ಫ್ಯಾಕ್ಟರಿ ಭೋಂಗಾ ಕೂಗಿತು. ಭೋಂ... ಗದಿಗೆಪ್ಪನ ಬಾಯಿ ಕೆಳಗ ಬರೇ ಹಸಿ ಮಣ್ಣಿತ್ತು.

ಸುಳ್ಳು ಅನ್ನಾವರು ಅವರ ಖೋಲಿಗೆ ಹೋಗ್ರಿ, ಈಗ ಗೋರೆಗಾಂವದಾಗ ಅದಾರ. ಶರಣವ್ವನ ಹಣಿ ಮ್ಯಾಲೆ ಕಲೆ ಅದ. ಗದಿಗೆಪ್ಪ ಚೊಲೋ ಅದಾನ, ಡ್ಯೂಟಿಗೆ ಹೋಗ್ತಾನ, ನಗತಾನ. ಹಿಂದಿನ ವಾರ ನಾ ಹೋದಾಗ, ಚಾ ಮಾಡ್ತೀನಂತ ತಾನ ಸಿಗಡಿ ಮುಂದ ಕುಂತು ಗಲ್ಲ ಉಬ್ಬಿಸಿ ಊದಿದ. ನಾ ಮಗ್ಗಲದಾಗೇ ಕುಂತಿದ್ದೆ. ನನ್ನ ಕಣ್ಣಿಲೆ ನೋಡೀನಿ.

ಬೂದಿ ಸೈತ ಅಲಗಲಿಲ್ಲ.