ಎರಡು ಗುಂಡಿಯ ಯಂತ್ರ

ನೆಲ ಒರೆಸುವವಳಿಗೂ ಕಿವಿಯಿರುತ್ತದೆಂಬುದು ಆ ಕಾರ್ಖಾನೆಯಲ್ಲಿ ಯಾರಿಗೂ ನೆನಪಿರುತ್ತಿರಲಿಲ್ಲ. ವಿಚಾರಣೆಯ ಕೋಣೆಯ ಹೊರಗೆ ಕೂತಿದ್ದ ಭಾವ, ಭಾಮೈದರೂ ಅವಳೆದುರೇ ಮಾತಿಗಿಳಿದರು. ಭಾವನ ಬಲಗೈಗೆ ಬ್ಯಾಂಡೇಜಿತ್ತು. ಒಳಗೆ ಮೂರು ಬೆರಳಿರಲಿಲ್ಲ.

“ಸಹಿ ಹಾಕ್ಬಿಡಿ ಭಾವ. ತಪ್ಪು ನಿಮ್ದೇ ಅಂತ ಬರ್ದಿದ್ದಾರೆ, ಅಷ್ಟೇ.”

“ಎರಡೂ ಕೈಲಿ ಎರಡೂ ಗುಂಡಿ ಒತ್ತಿದ್ರೆ ಮಾತ್ರ ಪ್ರೆಸ್ಸು ಇಳಿಯೋದು. ಒಂದಕ್ಕೆ ಕಡ್ಡಿ ಸಿಗಿಸು, ಒಂದು ಕೈ ಬಿಡುವಾಗುತ್ತೆ, ಕೆಲಸ ಬೇಗ ಆಗುತ್ತೆ ಅಂತ ಕಲಿಸಿದ್ದು ಮೇಸ್ತ್ರಿ.”

“ಗೊತ್ತು. ಸಹಿ ಹಾಕಿದ್ರೆ ಗೇಟಲ್ಲಿ ಕಾವಲು ಕೆಲಸ ಕೊಡ್ತಾರಂತೆ.”

“ಹೋದ ಬೆರಳೂ ನಂದೇ, ತಪ್ಪೂ ನಂದೇ?”

“ಅಕ್ಕನ ಮುಖ ನೋಡಿ. ಕಷ್ಟದಲ್ಲಿರೋರಿಗೆ ಸತ್ಯ, ಧರ್ಮ ಎಲ್ಲ ಯಾಕೆ?”

“ಮತ್ಯಾರಿಗೆ? ಮೇಸ್ತ್ರಿಗಾ? ನಾನು ಸುಮ್ಮನಾದ್ರೆ ನಾಳೆ ಆ ಯಂತ್ರಕ್ಕೆ ಬರೋನಿಗೂ ಕಡ್ಡಿ ಕೊಡ್ತಾನೆ ಕಣೋ.”

ಭಾಮೈದ ನೆಲ ನೋಡಿದ.

“ಬರೋನು ನಾನೇ, ಭಾವ. ನಿನ್ನೆ ಹೇಳಿದ್ರು.”

“ಕಡ್ಡಿ ಕೊಟ್ನಾ?”

ಒರೆಸುವವಳ ಕೈ ನಿಂತಿತು. ಒಳಗಿನಿಂದ ಕರೆದರು. ಭಾವ ಎದ್ದು ಎಡಗೈಯಲ್ಲಿ ಬಾಗಿಲು ನೂಕಿದ.

“ಏನ್ ಬೇಕಾದ್ರೂ ಹೇಳಿ,” ಎನ್ನುತ್ತ ಭಾಮೈದ ಬಾಗಿಲವರೆಗೂ ಓಡಿದ, “ನನ್ನ ಹೆಸರು ಮಾತ್ರ ಎತ್ತಬೇಡಿ ಭಾವ!”

ಬಾಗಿಲು ಮುಚ್ಚಿತು.